ತಿಂಗಳಿಗೆ ಒಂದೂವರೆ ಲಕ್ಷ ಕೈಗೆ ಬರ್ಬೇಕಾದ್ರೆ ಲೆಕ್ಕ ಎಲ್ಲಿಂದ ಶುರು ಮಾಡೋದು

ನಾಲ್ಕು ವರ್ಷದ ಹಿಂದೆ ದೀಪಾವಳಿ ಲಕ್ಷ್ಮೀಪೂಜೆ ದಿನ ಹೊಸ ಪುಸ್ತಕಕ್ಕೆ ಕುಂಕುಮ ಹಚ್ಚಿ ಮೊದಲ ಪುಟದಲ್ಲಿ "ತಿಂಗಳಿಗೆ 1,50,000" ಅಂತ ಬರೆದಿದ್ದೆ. ಆಗ ನಾನು ಡೊಂಬಿವಲಿಯಿಂದ ಮುಂಬೈಯ ಫೋರ್ಟಿಗೆ ದಿನಾ ಟ್ರೈನಲ್ಲಿ ಹೋಗಿ ಒಂದು ಆಫೀಸಲ್ಲಿ ಅಕೌಂಟ್ಸ್ ನೋಡ್ತಿದ್ದೆ, ಕೈಗೆ ಬರ್ತಿದ್ದದ್ದು 46,900. ಒಂದು ವರ್ಷ ಕಳೀತು, ಪುಸ್ತಕದ ನಂಬರ್ ಹಾಗೇ ಉಂಟು, ಸಂಬಳವೂ ಹೆಚ್ಚುಕಮ್ಮಿ ಹಾಗೇ ಉಂಟು. ಮರುವರ್ಷ ಪೂಜೆಗೆ ಅಪ್ಪ ಬಂದಿದ್ರು, ಪುಸ್ತಕ ತೆಗೆದು ನೋಡಿ ಒಂದೇ ಮಾತು ಕೇಳಿದ್ದು, "ಇದನ್ನು ಯಾರು ಕೊಡೋದು ಮಗಾ? ಎಷ್ಟು ಜನ, ಒಬ್ಬೊಬ್ರು ಎಷ್ಟೆಷ್ಟು?" ಅಪ್ಪ ಇಪ್ಪತ್ತೆರಡು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತವರು, ದುಡ್ಡು ಅಂದ್ರೆ ಅವರಿಗೆ ಎದುರಿಗೆ ಬಂದು ನಿಂತ ಗಿರಾಕಿ. ನನ್ನ ಹತ್ರ ಉತ್ತರ ಇರ್ಲಿಲ್ಲ. ಆ ಪ್ರಶ್ನೆ ಹಿಡ್ಕೊಂಡು ನಾನು ಮಾಡಿದ ಲೆಕ್ಕವನ್ನೇ ಇಲ್ಲಿ ಒಂದೊಂದಾಗಿ ಬರೀತಾ ಇದ್ದೇನೆ, ನಿಮ್ಮ ನಂಬರ್ ಬೇರೆ ಇರಬಹುದು, ದಾರಿ ಇದೇ ಆಗ್ತದೆ.

ಮೊದಲನೇದು: ಈಗ ನಿಜವಾಗಿ ಎಷ್ಟು ಬರ್ತಾ ಉಂಟು ಅಂತ ತಿಳ್ಕೊಳ್ಳಿ

ನೌಕರಿ ಮಾಡುವವರನ್ನು ಕೇಳಿದ್ರೆ ಸಿಟಿಸಿ, ಅಂದ್ರೆ ಕಂಪನಿ ಅವರ ಮೇಲೆ ಮಾಡುವ ಒಟ್ಟು ಖರ್ಚು ಹೇಳ್ತಾರೆ, ಅಂಗಡಿ ಇಟ್ಟವರನ್ನು ಕೇಳಿದ್ರೆ ವ್ಯಾಪಾರ ಹೇಳ್ತಾರೆ, ಎರಡೂ ಆದಾಯ ಅಲ್ಲ. ನನ್ನ ಸಿಟಿಸಿ ವರ್ಷಕ್ಕೆ 6,60,000, ಅಂದ್ರೆ ತಿಂಗಳಿಗೆ 55,000. ಅದ್ರಲ್ಲಿ ಬೇಸಿಕ್ 27,500. ಬೇಸಿಕ್ಕಿನ 12 ಪರ್ಸೆಂಟ್ ಕಂಪನಿ ಪಾಲಿನ ಪಿಎಫ್ 3,300, ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಅಂತ ಸುಮಾರು 1,320, ಇವೆರಡೂ ಸಿಟಿಸಿ ಒಳಗೇ ಸೇರ್ಕೊಂಡಿರ್ತವೆ, ಮೇಲಿಂದ ನನ್ನ ಪಾಲಿನ ಪಿಎಫ್ ಇನ್ನೊಂದು 3,300, ಮಹಾರಾಷ್ಟ್ರದ ಪ್ರೊಫೆಶನಲ್ ಟ್ಯಾಕ್ಸ್ 200, ಹೀಗೆ ಇಳಿದು ಇಳಿದು 46,900. ಪಿಎಫ್ ನಮ್ಮದೇ ದುಡ್ಡು ನಿಜ, ಆದ್ರೆ ಈ ತಿಂಗಳ ಬಾಡಿಗೆ ಅದ್ರಲ್ಲಿ ಕಟ್ಲಿಕ್ಕೆ ಆಗೋದಿಲ್ಲ.

ಹಾಗಾಗಿ ಬ್ಯಾಂಕಿನ 12 ತಿಂಗಳ ಸ್ಟೇಟ್‌ಮೆಂಟ್ ತೆಗೀರಿ, ದುಡಿದು ಬಂದದ್ದನ್ನು ಮಾತ್ರ ಕೂಡಿಸಿ, ಸಾಲ ತಗೊಂಡದ್ದು, ಚೀಟಿ ಎತ್ತಿದ್ದು, ತಮ್ಮ ವಾಪಸ್ ಕೊಟ್ಟದ್ದು ಎಲ್ಲ ಬಿಟ್ಟುಬಿಡಿ, 12ರಿಂದ ಭಾಗಿಸಿ.

ಆಮೇಲೆ ಗಂಟೆ ಲೆಕ್ಕ. ಮುಂಬೈಯವರು ಇದನ್ನು ಬಿಡ್ಲೇಬಾರದು. ಆಫೀಸು 9 ಗಂಟೆ, ಆಟೋ ಟ್ರೈನು ನಡಿಗೆ ಎಲ್ಲ ಸೇರಿ ಹೋಗಿ ಬರ್ಲಿಕ್ಕೆ 3 ಗಂಟೆ, ಒಟ್ಟು 12, ತಿಂಗಳಿಗೆ 25 ದಿನ, ಅಲ್ಲಿಗೆ 300 ಗಂಟೆ. 46,900 ಭಾಗಿಸು 300, ಗಂಟೆಗೆ 156 ರೂಪಾಯಿ. ಈ 156 ಅನ್ನೋದನ್ನು ಕಾಗದದಲ್ಲಿ ನೋಡಿದ ದಿನ ನಂಗೆ ನಿದ್ದೆ ಬರ್ಲಿಲ್ಲ, ಹದಿಮೂರು ವರ್ಷದ ಅನುಭವದ ರೇಟು ಇದು. ನಿಮ್ಮದೂ ತೆಗೀರಿ, ಮುಂದಿನ ಎಲ್ಲ ತೀರ್ಮಾನಕ್ಕೂ ಈ ರೇಟು ಬೇಕಾಗ್ತದೆ.

ಎರಡನೇದು: ದೊಡ್ಡ ನಂಬರ್ ಎಲ್ಲಿಂದ ಬರ್ಬೇಕು

ಯಾರೋ ಹೇಳಿದ್ರು ಅಂತ, ಭಾವನ ಮಗನಿಗೆ ಪುಣೆಯಲ್ಲಿ ಅಷ್ಟು ಸಿಗ್ತದೆ ಅಂತ ನಂಬರ್ ಇಟ್ಕೊಂಡ್ರೆ ಅದು ಮೂರು ತಿಂಗಳು ಬಾಳೋದಿಲ್ಲ. ಮೂರು ನಂಬರ್ ಬರೀರಿ. ಒಂದು, ಮನೆ ನಡೀಲಿಕ್ಕೆ ಬೇಕಾದ್ದು, ನಮಗೆ ಬಾಡಿಗೆ, ರೇಷನ್, ಇಬ್ಬರು ಮಕ್ಕಳ ಫೀಸು, ಊರಿಗೆ ಅತ್ತೆಮಾವನಿಗೆ ಕಳಿಸೋದು, ಕರೆಂಟು ಗ್ಯಾಸು ಎಲ್ಲ ಸೇರಿ ಆಗ 58,000 ಇತ್ತು. ಎರಡು, ವರ್ಷಕ್ಕೊಮ್ಮೆ ಬಂದು ತಲೆಮೇಲೆ ಕೂರುವ ಖರ್ಚನ್ನೂ ಸೇರಿಸಿದ್ದು, ಮೇ ತಿಂಗಳಲ್ಲಿ ಊರಿಗೆ ಹೋಗಿಬರೋದು, ಊರಿನ ನೇಮ, ಮದುವೆಗಳ ಉಡುಗೊರೆ, ಮೆಡಿಕ್ಲೇಮ್, ಹನ್ನೊಂದು ತಿಂಗಳಿಗೊಮ್ಮೆ ಲೀವ್ ಆಂಡ್ ಲೈಸೆನ್ಸ್ ಎಗ್ರಿಮೆಂಟ್ ಮಾಡುವಾಗ ಬ್ರೋಕರಿಗೆ ಕೊಡೋದು, ಇದೆಲ್ಲ 12ರಿಂದ ಭಾಗಿಸಿ ಸೇರಿಸಿದಾಗ 79,000. ಮೂರನೇದು ಆಸೆಯ ನಂಬರ್. ಸ್ವಂತ ಮನೆ ಕಂತು, ಮಗಳ ಇಂಜಿನಿಯರಿಂಗಿಗೆ ಈಗಿಂದಲೇ ತೆಗೆದಿಡೋದು, ನನ್ನ ಗಂಡನಿಗೆ ನೈಟ್ ಶಿಫ್ಟ್ ಬಿಡಿಸೋದು. ಇದನ್ನು ಹೆಸರಿಟ್ಟು ಒಂದೊಂದರ ಮುಂದೆ ರೂಪಾಯಿ ಬರೆದಾಗ ನನ್ನ ಒಂದೂವರೆ ಲಕ್ಷಕ್ಕೆ ಅರ್ಥ ಬಂತು.

ಹಾಸಿಗೆ ಇದ್ದಷ್ಟೇ ಕಾಲು ಚಾಚು ಅಂತ ಕೇಳಿಕೊಂಡೇ ಬೆಳೆದವರು ನಾವು, ಖರ್ಚಿನ ವಿಷಯಕ್ಕೆ ಆ ಮಾತು ಸರಿಯೇ. ಆದ್ರೆ ಹಾಸಿಗೆ ಉದ್ದ ಮಾಡ್ಲಿಕ್ಕೆ ಹೊರಟವರಿಗೂ, ಅದ್ರಲ್ಲೂ ಹೆಣ್ಣುಮಕ್ಕಳಿಗೆ, ಅದನ್ನೇ ಹೇಳಿ ಕೂರಿಸ್ತಾರಲ್ಲ, ಅದು ನಂಗೆ ಒಪ್ಪಿಗೆ ಇಲ್ಲ.

ಮೂರನೇದು: ತಾರೀಕು ಹಾಕಿ

46,900ರಿಂದ 1,50,000 ಅಂದ್ರೆ 3.2 ಪಟ್ಟು. ವರ್ಷಕ್ಕೆ 8 ಪರ್ಸೆಂಟ್ ಇನ್‌ಕ್ರಿಮೆಂಟ್ ನಂಬಿಕೊಂಡು ಕೂತ್ರೆ 15 ವರ್ಷ ಬೇಕು. 72ನ್ನು ಇನ್‌ಕ್ರಿಮೆಂಟಿನಿಂದ ಭಾಗಿಸಿದ್ರೆ ಎಷ್ಟು ವರ್ಷಕ್ಕೆ ಡಬಲ್ ಅಂತ ಅಂದಾಜು ಸಿಗ್ತದೆ, 72 ಭಾಗಿಸು 8, 9 ವರ್ಷಕ್ಕೆ ಡಬಲ್ ಅಷ್ಟೇ. ಐದೇ ವರ್ಷದಲ್ಲಿ ಮುಟ್ಬೇಕಾದ್ರೆ ಪ್ರತೀ ವರ್ಷ 26 ಪರ್ಸೆಂಟ್ ಏರ್ಬೇಕು, ಅಷ್ಟು ಒಂದೇ ಕುರ್ಚಿಯಲ್ಲಿ ಕೂತವರಿಗೆ ಯಾರೂ ಕೊಡೋದಿಲ್ಲ.

ಬೆಲೆ ಏರಿಕೆಯೂ ಉಂಟು. ವರ್ಷಕ್ಕೆ 5 ಪರ್ಸೆಂಟ್ ಹಿಡಿದ್ರೂ ಐದು ವರ್ಷ ಬಿಟ್ಟು ಬರುವ 1,50,000ದ ಬೆಲೆ ಇವತ್ತಿನ 1,17,500 ಮಾತ್ರ, ಇವತ್ತಿನ ಒಂದೂವರೆ ಲಕ್ಷದ ಸುಖ ಆಗಲೂ ಬೇಕಾದ್ರೆ 1,91,000 ಬೇಕು. ಮಕ್ಕಳ ಸ್ಕೂಲ್ ಫೀಸು ಇದಕ್ಕಿಂತ ಜೋರಾಗಿ ಏರೋದನ್ನು ನಾನು ನೋಡಿದ್ದೇನೆ. ಅದಕ್ಕೇ ವರ್ಷಕ್ಕೊಮ್ಮೆ ನಂಬರನ್ನು ತಿದ್ದಿ ಬರೀಬೇಕು.

ನಾಲ್ಕನೇದು: ಕೈಗೆ ಬರೋದರಿಂದ ಹಿಂದಕ್ಕೆ ಹೋಗಿ

ಸ್ವಂತ ಕೆಲಸ ಮಾಡುವವರು ಇಲ್ಲಿ ನಿಧಾನಕ್ಕೆ ಓದಿ, ಎಲ್ಲಕ್ಕಿಂತ ದೊಡ್ಡ ತಪ್ಪು ನಾನು ಇಲ್ಲೇ ಮಾಡಿದ್ದು. ನಾನು ಈಗ ನೌಕರಿ ಬಿಟ್ಟು ಹೋಟೆಲಿನವರ ಲೆಕ್ಕ ಬರೆಯುವ ಸ್ವಂತ ಕೆಲಸ ಮಾಡ್ತೇನೆ. ತಿಂಗಳಿಗೆ ಒಂದೂವರೆ ಲಕ್ಷ ಬಿಲ್ ಮಾಡಿದ್ರೆ ಗುರಿ ಮುಟ್ಟಿದ ಹಾಗೆ ಅಂದ್ಕೊಂಡಿದ್ದೆ.

ಕೈಗೆ ವರ್ಷಕ್ಕೆ 18 ಲಕ್ಷ ಉಳೀಬೇಕು. 2025-26ರ ಇನ್‌ಕಮ್ ಟ್ಯಾಕ್ಸಿನ ಹೊಸ ರೆಜಿಮಲ್ಲಿ 4 ಲಕ್ಷದವರೆಗೆ ಟ್ಯಾಕ್ಸ್ ಇಲ್ಲ, ಅಲ್ಲಿಂದ 8ರವರೆಗೆ 5 ಪರ್ಸೆಂಟ್, 12ರವರೆಗೆ 10, 16ರವರೆಗೆ 15, 20ರವರೆಗೆ 20, 24 ಲಕ್ಷದವರೆಗೆ 25, ಅದರ ಮೇಲೆ 30, ಹೀಗೆ ಬಂದ ಟ್ಯಾಕ್ಸಿನ ಮೇಲೆ 4 ಪರ್ಸೆಂಟ್ ಸೆಸ್. 12 ಲಕ್ಷದವರೆಗೆ ಟ್ಯಾಕ್ಸೇ ಇಲ್ಲ ಅಂತಾರಲ್ಲ, ಅದು ರಿಬೇಟಿನಿಂದ, ಅಂದ್ರೆ ಬಂದ ಟ್ಯಾಕ್ಸನ್ನು ಮಾಫಿ ಮಾಡೋದು, ಆದಾಯ 12 ಲಕ್ಷದ ಒಳಗಿದ್ದವರಿಗೆ. 20 ಲಕ್ಷ ಇದ್ದವರಿಗೆ 12 ಮಾಫಿ ಆಗಿ ಉಳಿದ 8ಕ್ಕೆ ಮಾತ್ರ ಟ್ಯಾಕ್ಸ್ ಅಂತ ತಿಳ್ಕೊಂಡವರು ತುಂಬ ಜನ ಇದ್ದಾರೆ, ಹಾಗಲ್ಲ, ಲೆಕ್ಕ 4ರಿಂದಲೇ ಶುರು. ಈ ಪ್ರಕಾರ 18 ಲಕ್ಷ ಉಳೀಲಿಕ್ಕೆ ಖರ್ಚು ಕಳೆದ ಮೇಲೆ ಸುಮಾರು 20,10,000 ಲಾಭ ಬೇಕು, ಟ್ಯಾಕ್ಸಿಗೇ 2,10,000 ಹೋಗ್ತದೆ.

ಅದರ ಮೇಲೆ ನನ್ನ ಖರ್ಚು: ಹೆಲ್ಪಿಗೆ ಇಬ್ಬರು ಹುಡುಗಿಯರು, ಸ್ಟೇಷನ್ ಹತ್ರ ಶೇರಿಂಗಲ್ಲಿ ಒಂದು ಗಾಳಾ, ಅಂದ್ರೆ ಸಣ್ಣ ಕೋಣೆ, ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ, ನೆಟ್ಟು, ಓಡಾಟ, ತಿಂಗಳಿಗೆ 50,000, ವರ್ಷಕ್ಕೆ 6 ಲಕ್ಷ. ಅಲ್ಲಿಗೆ ಬಿಲ್ಲು 26,10,000, ಅಂದ್ರೆ ತಿಂಗಳಿಗೆ ಸುಮಾರು 2,18,000. ನೋಡಿ, ಒಂದೂವರೆ ಲಕ್ಷ ಅಂದದ್ದು ಎಷ್ಟಾಯ್ತು. ಇನ್ನೂ ಮುಗೀಲಿಲ್ಲ, ಸರ್ವಿಸ್ ಕೊಡುವವರು ವರ್ಷಕ್ಕೆ 20 ಲಕ್ಷ ದಾಟಿದ್ರೆ ಜಿಎಸ್‌ಟಿ ನಂಬರ್ ತಗೊಳ್ಳೇಬೇಕು, ನನ್ನ ಬಿಲ್ಲಿಗೆ 18 ಪರ್ಸೆಂಟ್ ಸೇರ್ತದೆ. ನನ್ನ ಗಿರಾಕಿಗಳು ಹೋಟೆಲಿನವರು, ಅವರು ಊಟತಿಂಡಿಗೆ 5 ಪರ್ಸೆಂಟ್ ಹಾಕುವವರು, ಆ 5ರಲ್ಲಿ ಇನ್‌ಪುಟ್ ಕ್ರೆಡಿಟ್, ಅಂದ್ರೆ ತಾವು ಕೊಂಡದ್ದಕ್ಕೆ ಕೊಟ್ಟ ಜಿಎಸ್‌ಟಿಯನ್ನು ಕಟ್ಟುವಾಗ ಕಳೀಲಿಕ್ಕೆ ಸಿಗೋದಿಲ್ಲ, ಹಾಗಾಗಿ ನನ್ನ 18 ಪರ್ಸೆಂಟ್ ಪೂರಾ ಅವರ ಜೇಬಿನಿಂದಲೇ. ಒಂದು ಹೋಟೆಲಿಗೆ ತಿಂಗಳಿಗೆ ನಾನು ತಗೊಳ್ಳುವ 9,000 ಇದ್ದದ್ದು 10,620 ಆಗ್ತದೆ ಅಂತ ಮೊದಲೇ ಕೂತು ಹೇಳಿದ್ರೆ ಒಪ್ತಾರೆ, ಬಿಲ್ಲಲ್ಲಿ ದಿಢೀರಂತ ತೋರಿಸಿದ್ರೆ ಸಂಬಂಧ ಕೆಡ್ತದೆ.

ನೌಕರಿಯವರಿಗೆ ಈ ಲೆಕ್ಕ ಸುಲಭ, ಸಂಬಳದವರಿಗೆಲ್ಲ ಸಿಗುವ ಸ್ಟಾಂಡರ್ಡ್ ಡಿಡಕ್ಷನ್ 75,000 ಕಳೆದು ಅದೇ ಸ್ಲ್ಯಾಬ್ ಹಾಕಿ, ಪಿಎಫ್ ಕಳೀರಿ, ಮುಗೀತು.

ಐದನೇದು: ಅಪ್ಪನ ಪ್ರಶ್ನೆ

ಈಗ ಯಾರು ಕೊಡೋದು, ಎಷ್ಟು ಜನ. ನಾನು ರಾತ್ರಿ ಮತ್ತೆ ಭಾನುವಾರ ಪರಿಚಯದ ಎರಡು ಉಡುಪಿ ಹೋಟೆಲಿನ ಲೆಕ್ಕ ಬರೀತಿದ್ದೆ, ತಿಂಗಳಿಗೆ 4,000 ಕೊಡ್ತಿದ್ರು. ಅದೇ ರೇಟಲ್ಲಿ 2,18,000 ಆಗ್ಬೇಕಾದ್ರೆ ಸುಮಾರು 54 ಹೋಟೆಲು. ಒಂದು ಹೋಟೆಲಿಗೆ ತಿಂಗಳಿಗೆ 10 ಗಂಟೆ ಬೇಕು, ನೌಕರಿ ಬಿಟ್ರೂ ನಂಗೆ ತಿಂಗಳಿಗೆ ಸಿಗೋದು 160 ಗಂಟೆ, ಅಂದ್ರೆ 16 ಹೋಟೆಲು, 64,000 ರೂಪಾಯಿ. ಅದೂ ತಿಂಗಳಿಡೀ ಸಮ ಹಂಚಿದ್ರೆ. ನಮ್ಮ ಕೆಲಸದಲ್ಲಿ 11ನೇ ತಾರೀಕಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ಟ್ಯಾಕ್ಸ್ ಕಟ್ಟುವ 3ಬಿ ರಿಟರ್ನ್, ಎಲ್ಲರದ್ದೂ ಒಂದೇ ದಿನ ಬಂದು ಬಾಗಿಲಲ್ಲಿ ನಿಲ್ತದೆ.

ಈ ಮಿತಿಯನ್ನು ಪ್ರತಿಯೊಬ್ರೂ ಲೆಕ್ಕ ಹಾಕಿ ನೋಡ್ಬೇಕು. ಟ್ಯೂಷನ್ ಮಾಡುವವರಿಗೆ ಒಂದು ಕೋಣೆಯಲ್ಲಿ ಎಷ್ಟು ಮಕ್ಕಳು, ಟೇಲರಿಗೆ ದಿನಕ್ಕೆ ಎಷ್ಟು ಬ್ಲೌಸು, ಮಹಾಪೆಯಲ್ಲಿ ಕೋಡಿಂಗ್ ಮಾಡುವ ಹುಡುಗನಿಗೆ ಅವನ ಗ್ರೇಡಿನ ಮೇಲ್ತುದಿ ಸಂಬಳ ಎಷ್ಟು. ಜಾಸ್ತಿ ದುಡಿದು ಮುಟ್ಲಿಕ್ಕೆ ಆಗುವ ಗುರಿಯಾದ್ರೆ ಅದಕ್ಕೆ ಮಾರ್ಗದರ್ಶಿ ಬೇಡ. ನಿಮ್ಮ ದೊಡ್ಡ ನಂಬರ್ ಮಿತಿಯ ಆಚೆ ಇದ್ರೆ, ಹೆಚ್ಚಾಗಿ ಇರ್ತದೆ, ಆಗ ಕೆಲಸದ ಗಾತ್ರ ಬಿಟ್ಟು ಕೆಲಸದ ಜಾತಿಯನ್ನೇ ಬದಲಿಸ್ಬೇಕು.

ಇದಕ್ಕೆ ಮುಂಬೈಯ ನಮ್ಮ ಹೋಟೆಲಿನವರಷ್ಟು ಚಂದದ ಉದಾಹರಣೆ ನಂಗೆ ಬೇರೆ ಸಿಕ್ಕಿಲ್ಲ. ಅಪ್ಪ ಹದಿನಾಲ್ಕನೇ ವಯಸ್ಸಿಗೆ ಊರಿಂದ ಬಂದು ಫೋರ್ಟಲ್ಲಿ ಕ್ಲೀನರ್ ಆದವರು, ಟೇಬಲ್ ಒರೆಸೋದು, ಆಮೇಲೆ ವೇಟರ್. ವೇಟರ್ ಎಷ್ಟು ಓಡಿದ್ರೂ ಸಂಬಳ ಅಷ್ಟಕ್ಕಷ್ಟೇ ಅಂತ ಅವರಿಗೆ ಬೇಗ ಗೊತ್ತಾಯ್ತು, ಕೆಲಸ ಮುಗಿಸಿ ಕನ್ನಡ ರಾತ್ರಿ ಶಾಲೆಗೆ ಹೋಗಿ ಎಸ್‌ಎಸ್‌ಸಿ ಮಾಡಿದ್ರು, ಲೆಕ್ಕ ಬರುವವನಿಗೆ ಗಲ್ಲಾ ಸಿಗ್ತದೆ ಅಂತ. ಗಲ್ಲಾದಲ್ಲಿ ಕೂತು ಮಾಲು ಎಲ್ಲಿಂದ ಬರ್ತದೆ, ಎಷ್ಟಕ್ಕೆ ಬರ್ತದೆ ಎಲ್ಲ ಕಲಿತವರು ಮುಂದೆ ಬೇರೆಯವರ ಹೋಟೆಲನ್ನು ಕಂಡಕ್ಟಿಗೆ ತಗೊಳ್ತಿದ್ರು, ಅಂದ್ರೆ ಯಜಮಾನನಿಗೆ ತಿಂಗಳಿಗೆ ಇಷ್ಟು ಅಂತ ಕೊಟ್ಟು ಉಳಿದದ್ದು ತನಗೆ, ಅಲ್ಲಿಂದ ಸ್ವಂತದ್ದು. ಮಾಟುಂಗಾದಲ್ಲಿ ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಇವತ್ತಿಗೂ ಬಾಳೆಎಲೆ ಊಟ ಹಾಕ್ತಾ ಉಂಟು. ಅಪ್ಪ ಗಲ್ಲಾದವರೆಗೆ ಬಂದು ನಿಂತ್ರು, ಮೂರು ಮಕ್ಕಳ ಓದು ಎದುರಿಗಿತ್ತು, ಅದಕ್ಕೆ ಅವರಿಗೆ ಬೇಜಾರಿಲ್ಲ. ಆದ್ರೆ ಒಂದು ಮಾತು ಹೇಳ್ತಾರೆ, ವೇಟರ್ ಆಗಿ ಒಂಬತ್ತು ವರ್ಷದಲ್ಲಿ ಏರದ ಸಂಬಳ ಕುರ್ಚಿ ಬದಲಾದ ಒಂದೇ ತಿಂಗಳಲ್ಲಿ ಏರಿತು ಅಂತ.

ನನ್ನ ಕೆಲಸದಲ್ಲಿ ಆ ಮೇಲಿನ ಕುರ್ಚಿ ಯಾವುದು ಅಂತ ಹುಡುಕ್ಲಿಕ್ಕೆ ನಾನು ಆ ಇಬ್ಬರು ಹೋಟೆಲಿನವರನ್ನೇ ಕೇಳಿದೆ, "ರಾತ್ರಿ ನಿದ್ದೆ ಕೆಡಿಸೋದು ಎಂತ ಅಣ್ಣ?" ಯಾರೂ ಜಿಎಸ್‌ಟಿ ರಿಟರ್ನ್ ಅನ್ಲಿಲ್ಲ. ಆನ್‌ಲೈನ್ ಆರ್ಡರಿನ ದುಡ್ಡು ಎಷ್ಟು ಬರ್ಬೇಕಿತ್ತು ಎಷ್ಟು ಬಂತು ತಾಳೆಯೇ ಆಗೋದಿಲ್ಲ ಅಂದ್ರು. ಆಪಲ್ಲಿ ಬಂದ ಆರ್ಡರಿನ ಊಟಕ್ಕೆ 2022ರ ಜನವರಿ 1ರಿಂದ ಜಿಎಸ್‌ಟಿ ಕಟ್ಟೋದು ಆಪಿನವರೇ, ಕೌಂಟರಿನ ಮಾರಾಟಕ್ಕೆ ಹೋಟೆಲಿನವರು, ಅದ್ರ ಮೇಲೆ ಕಮಿಷನ್, ಡಿಸ್ಕೌಂಟು, ಜಾಹೀರಾತಿನ ಖರ್ಚು, ಕ್ಯಾನ್ಸಲ್ ಆದದ್ದು, ಎಲ್ಲ ಕಳೆದು ಬ್ಯಾಂಕಿಗೆ ಒಂದು ಮೊತ್ತ ಬೀಳ್ತದೆ. ಅದನ್ನು ವಾರವಾರ ಬಿಡಿಸಿ ತಾಳೆ ಮಾಡೋದು, ಜೊತೆಗೆ ಎಣ್ಣೆ, ಹಾಲು, ತರಕಾರಿ ಮಾರಾಟದ ಎಷ್ಟು ಪರ್ಸೆಂಟ್ ಹೋಯ್ತು ಅಂತ ಒಂದು ಹಾಳೆ ಕೊಡೋದು, ಇದನ್ನು ಶುರು ಮಾಡಿ 9,000 ಕೇಳಿದೆ. ಕೇಳುವಾಗ ಕೈ ನಡುಗ್ತಿತ್ತು. ಒಬ್ಬರು ಒಪ್ಪಿದ್ರು, ಇನ್ನೊಬ್ಬರು ಆರು ತಿಂಗಳು ಬಿಟ್ಟು ಅವರೇ ಕರೆದ್ರು. 9,000ದ ಲೆಕ್ಕದಲ್ಲಿ 54 ಹೋಟೆಲು 24 ಆಯ್ತು. ಒಂದಕ್ಕೆ 14 ಗಂಟೆ ಬೇಕು, ಅದ್ರಲ್ಲಿ 9 ಹುಡುಗಿಯರು ಮಾಡ್ತಾರೆ, ನನ್ನದು 5, ಅಂದ್ರೆ 120 ಗಂಟೆ. ಈಗ ಗುರಿ ಮಿತಿಯ ಒಳಗೆ ಬಂತು.

ನಿಮ್ಮ ಗಿರಾಕಿಯನ್ನು, ನೌಕರಿಯಾದ್ರೆ ಮ್ಯಾನೇಜರನ್ನು, ಇದೇ ಪ್ರಶ್ನೆ ಕೇಳಿ. ಅವರ ನಿದ್ದೆ ಕೆಡಿಸುವ ಕೆಲಸಕ್ಕೆ ಇರುವ ರೇಟು ದಿನದ ಮಾಮೂಲಿ ಕೆಲಸಕ್ಕೆ ಇರೋದಿಲ್ಲ.

ಆರನೇದು: ನೌಕರಿಯಲ್ಲೇ ಇರುವವರಿಗೆ

ಏಪ್ರಿಲಲ್ಲಿ ಅಪ್ರೈಸಲ್ ಇದ್ರೆ ಮಾತು ಡಿಸೆಂಬರಲ್ಲೇ ಶುರು ಮಾಡ್ಬೇಕು, ಮಾರ್ಚಿಗೆ ಬಜೆಟ್ ಹಂಚಿ ಆಗಿರ್ತದೆ. ಮಾಡಿದ ಕೆಲಸವನ್ನು ತಿಂಗಳು ತಿಂಗಳು ಬರೆದಿಡಿ, ರೂಪಾಯಲ್ಲೋ ದಿನದಲ್ಲೋ, "ಸಿಗದೇ ಇದ್ದ 11 ಲಕ್ಷದ ಬಾಕಿ ವಸೂಲಿ ಆಯ್ತು, ತಿಂಗಳ ಕ್ಲೋಸಿಂಗ್ 9 ದಿನದಿಂದ 4 ದಿನಕ್ಕೆ ಬಂತು" ಈ ತರ. ನಂಗೆ ಎರಡು ವರ್ಷ ಬಾಯಿಮಾತಲ್ಲಿ ಭರವಸೆ ಕೊಟ್ರು, ನಾನು ಒಂದು ಈಮೇಲ್ ಕೂಡ ಬರೆದು ಖಾತ್ರಿ ಮಾಡ್ಕೊಳ್ಳಿಲ್ಲ, ಹೇಳಿದವರು ಬೇರೆ ಕಡೆ ಹೋದ್ರು, ಹೊಸಬರಿಗೆ ಗೊತ್ತೇ ಇಲ್ಲ. ಮಾತಾಡಿದ ಸಂಜೆಯೇ ಎರಡು ಸಾಲು ಬರೆದು ಕಳಿಸಿ. ಬೇರೆ ಕಡೆ ಆಫರ್ ಬಂದ್ರೆ ಸಿಟಿಸಿ ಬಿಟ್ಟು ಕೈಗೆ ಬರುವ ಫಿಕ್ಸ್ಡ್ ಎಷ್ಟು ಅಂತ ಕೇಳಿ, ವೇರಿಯೇಬಲ್, ಅಂದ್ರೆ ಕೆಲಸ ನೋಡಿ ಕೊಡುವ ಭಾಗ, ಹೋದ ವರ್ಷ ನಿಜಕ್ಕೂ ಎಷ್ಟು ಪರ್ಸೆಂಟ್ ಕೊಟ್ಟಿದ್ದೀರಿ ಅಂತಲೂ ಕೇಳಿ, ನೋಟಿಸ್ ಪೀರಿಯಡ್ 90 ದಿನ ಇದ್ರೆ ಮುಂದಿನ ಹೆಜ್ಜೆಗೆ ಅದೇ ಅಡ್ಡ ಬರ್ತದೆ. ಮತ್ತೆ ಗಂಟೆ ರೇಟು ಮರೀಬೇಡಿ, ಠಾಣೆಯಲ್ಲೇ ಸಿಗುವ 60,000 ಲೋವರ್ ಪರೇಲಿನ 66,000ಕ್ಕಿಂತ ಜಾಸ್ತಿ ಆಗಬಹುದು.

ಏಳನೇದು: ನೌಕರಿ ಬಿಡುವ ಮೊದಲು

ಮನೆಖರ್ಚಿನ ಆರು ತಿಂಗಳು ಬೇರೆ ಖಾತೆಯಲ್ಲಿ ಇರ್ಬೇಕು, ಕಂಪನಿಯ ಮೆಡಿಕ್ಲೇಮ್ ಹೋಗುವ ಮೊದಲು ಸ್ವಂತದ್ದು ಆಗಿರ್ಬೇಕು, ಸೈಡ್ ಕೆಲಸದಿಂದ ಸಂಬಳದ ಅರ್ಧ ಆದ್ರೂ ಸತತ ಆರು ತಿಂಗಳು ಬಂದಿರ್ಬೇಕು. ನಾನು ಈ ಮೂರೂ ಆದ ಮೇಲೆಯೇ ಬಿಟ್ಟದ್ದು, ಹದಿನಾಲ್ಕು ತಿಂಗಳು ಹಿಡಿಯಿತು. ಆ ತಿಂಗಳುಗಳು ಕಷ್ಟದ್ದು ಹೌದು, ಕಡೆಕಡೆಗೆ ಮಗಳು ಅಡುಗೆಯ ಅರ್ಧ ಕೆಲಸ ಮಾಡ್ತಿದ್ದಳು. ಮನೆಯವರನ್ನು ಕೂರಿಸಿ ಪುಸ್ತಕ ತೋರಿಸಿ ಲೆಕ್ಕ ಹೇಳಿ, ಅವರ ಸಮಯವೂ ಈ ಗುರಿಗೆ ಹೋಗ್ತದೆ.

ಬಿಟ್ಟ ಮೇಲೆ ಬಂದ ಪ್ರತೀ ಬಿಲ್ಲಿನ 15 ಪರ್ಸೆಂಟ್ ಅವತ್ತೇ ಟ್ಯಾಕ್ಸಿನ ಖಾತೆಗೆ ಹಾಕಿ. ವರ್ಷದ ಟ್ಯಾಕ್ಸ್ 10,000 ದಾಟುವವರು ಅಡ್ವಾನ್ಸ್ ಟ್ಯಾಕ್ಸ್ ಕಟ್ಬೇಕು, ಜೂನ್ 15ಕ್ಕೆ 15 ಪರ್ಸೆಂಟ್, ಸೆಪ್ಟೆಂಬರ್ 15ಕ್ಕೆ ಒಟ್ಟು 45, ಡಿಸೆಂಬರ್ 15ಕ್ಕೆ ಒಟ್ಟು 75, ಮಾರ್ಚ್ 15ಕ್ಕೆ ಪೂರ್ತಿ, ತಪ್ಪಿದ್ರೆ ಬಡ್ಡಿ.

ಗುರಿಯ ಲೆಕ್ಕಕ್ಕೆ ಸೇರಿಸಬಾರದ್ದು

ಲೋಕಲ್ ಟ್ರೈನಲ್ಲಿ ಅಂಟಿಸಿರ್ತಾರಲ್ಲ, ಮನೆಯಲ್ಲೇ ಕೂತು ತಿಂಗಳಿಗೆ ಇಷ್ಟು ಸಾವಿರ ಅಂತ, ಮೊದಲು ದುಡ್ಡು ಕೇಳುವ ಯಾವ ಕೆಲಸವೂ ಕೆಲಸ ಅಲ್ಲ. ಇನ್ನೊಂದು ಷೇರಿನ ಎಫ್ ಆಂಡ್ ಓ, ಫ್ಯೂಚರ್ಸ್ ಆಂಡ್ ಆಪ್ಷನ್ಸ್, ಅಂದ್ರೆ ಮುಂದೆ ಬೆಲೆ ಏರ್ತದೋ ಇಳೀತದೋ ಅಂತ ದುಡ್ಡು ಹಾಕೋದು. ನಮ್ಮ ಬಿಲ್ಡಿಂಗಿನ ಹುಡುಗರು ಗುರಿಯ ಹಾಳೆಯಲ್ಲಿ "ಟ್ರೇಡಿಂಗ್ 30,000" ಅಂತ ಬರೀತಾರೆ, ನೋಡಿ ಹೊಟ್ಟೆ ಉರೀತದೆ. ಷೇರು ಪೇಟೆಯ ಮೇಲೆ ಕಣ್ಣಿಡುವ ಸೆಬಿ 2024ರ ಸೆಪ್ಟೆಂಬರಲ್ಲಿ ಕೊಟ್ಟ ಲೆಕ್ಕದಲ್ಲಿ ಮೂರು ವರ್ಷದಲ್ಲಿ ಎಫ್ ಆಂಡ್ ಓ ಮಾಡಿದ ಸಾಮಾನ್ಯ ಜನರಲ್ಲಿ 93 ಪರ್ಸೆಂಟ್ ದುಡ್ಡು ಕಳ್ಕೊಂಡವರೇ, ಎಲ್ಲ ಸೇರಿ ಕಳ್ಕೊಂಡದ್ದು 1.8 ಲಕ್ಷ ಕೋಟಿಯ ಮೇಲೆ. ಅದನ್ನು ಆದಾಯದ ಕಾಲಮ್ಮಲ್ಲಿ ಬರೀಬೇಡಿ ಮಾರಾಯ್ರೆ.

ಪ್ರತೀ ವಾರ

ಭಾನುವಾರ ಸಂಜೆ ಒಂದು ಗಂಟೆ, ಫೋನ್ ದೂರ ಇಟ್ಟು. ದುಡ್ಡು ಎಷ್ಟು ಬಂತು ಅನ್ನೋದು ಕೊನೆಯ ಸಾಲು, ಅದು ಎರಡು ಮೂರು ತಿಂಗಳ ಹಿಂದಿನ ಕೆಲಸದ ಫಲ. ಮೇಲಿನ ಸಾಲುಗಳಲ್ಲಿ ಈ ವಾರ ಎಷ್ಟು ಹೊಸ ಹೋಟೆಲಿಗೆ ಹೋದೆ, ಎಷ್ಟು ಜನ ರೇಟು ಕೇಳಿದ್ರು, ಎಷ್ಟು ಬಾಕಿ 30 ದಿನ ದಾಟಿತು ಅಂತ ಬರೀತೇನೆ. ಹೋಟೆಲಿಗೆ ಹೋಗೋದಾದ್ರೆ ಮಧ್ಯಾಹ್ನ 3ರಿಂದ 5, ಊಟ ಮುಗಿದು ಚಹಾದ ರಶ್ ಶುರುವಾಗುವ ಮೊದಲು, ಯಜಮಾನರು ಗಲ್ಲಾದಲ್ಲಿ ಸ್ವಲ್ಪ ಆರಾಮ ಇರ್ತಾರೆ, ನಾಲ್ಕು ಮಾತು ತುಳುವಲ್ಲಿ ಆದ್ರೆ ಕುರ್ಚಿ ಕೊಡ್ತಾರೆ. ವಾರಕ್ಕೆ ಮೂರು ಕಡೆ ಹೋಗ್ತೇನೆ, ನನ್ನ ಪುಸ್ತಕದ ಪ್ರಕಾರ ಹತ್ತರಲ್ಲಿ ಒಬ್ಬರು ಬರ್ತಾರೆ, ಅಂದ್ರೆ ಹೆಚ್ಚುಕಮ್ಮಿ ಮೂರೂವರೆ ವಾರಕ್ಕೆ ಒಂದು ಹೋಟೆಲು. ಈ ಲೆಕ್ಕ ಸಿಕ್ಕಿದ ಮೇಲೆ ಒಂಬತ್ತು ಜನ ಬೇಡ ಅಂದದ್ದಕ್ಕೆ ಬೇಜಾರು ಆಗೋದು ನಿಂತಿತು. ಮೂರು ತಿಂಗಳು ಹೋದ ಮೇಲೂ ಮೇಲಿನ ಸಾಲುಗಳು ಏರದಿದ್ರೆ ರೇಟೋ ಗಿರಾಕಿಯೋ ತಪ್ಪು ಅಂತ ಐದನೇದಕ್ಕೆ ವಾಪಸ್ ಹೋಗಿ, ಗುರಿಯ ನಂಬರನ್ನು ಮಾತ್ರ ವರ್ಷದ ಮಧ್ಯದಲ್ಲಿ ಮುಟ್ಬೇಡಿ.

ಹೋದ ಭಾನುವಾರದ ಪುಟದಲ್ಲಿ ನನ್ನದು 17 ಹೋಟೆಲು, ಬಿಲ್ಲು 1,49,000, ಖರ್ಚು 50,000 ಕಳೆದು ಕೈಗೆ 99,000, ವರ್ಷಕ್ಕೆ 12 ಲಕ್ಷದ ಒಳಗೇ ಆದ್ರಿಂದ ಟ್ಯಾಕ್ಸ್ ಇಲ್ಲ. ಇನ್ನೂ 7 ಬೇಕು, ಕಲ್ಯಾಣದ ಒಂದು ಮತ್ತೆ ಮುಲುಂಡಿನ ಒಂದರ ಮಾತು ನಡೀತಾ ಉಂಟು, ಮುಲುಂಡಿನವರು ಮಂಗಳವಾರ ನಾಲ್ಕು ಗಂಟೆಗೆ ಬನ್ನಿ ಅಂದಿದ್ದಾರೆ.